ಹಲ್ಲುನೋವಿನ ಶನಿವಾರಗಳು

ನನ್ನ ಹಲ್ಲುಗಳಿಗೆ ಆಗಲೂ ಏನೂ ಆಗಿರಲಿಲ್ಲ, ಈಗಲೂ ಗಟ್ಟಿಯಾಗಿಯೇ ಇವೆ. ಆದರೂ ಎರಡು ವರ್ಷ, ತಿಂಗಳಿಗೊಂದು ಶನಿವಾರ, ಕಂಪ್ಲಿಯಿಂದ ಹೊಸಪೇಟೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರುತ್ತಿದ್ದೆ. ಹಾಗಂತ ಅತ್ತೆಗೆ ಹೇಳಿದ್ದೆ. ನಿಜಕ್ಕೂ ಹೋಗುತ್ತಿದ್ದುದು ಚಿತ್ತವಾಡ್ಗಿಯ ಒಂದು ಬ್ಯೂಟಿ ಪಾರ್ಲರಿಗೆ. ಹುಬ್ಬು ತೀಡಿಸಿಕೊಂಡು, ಮುಖಕ್ಕೆ ಫೇಶಿಯಲ್ ಮಾಡಿಸಿಕೊಂಡು, ಆಮೇಲೆ ಅದೇ ಬೀದಿಯ ಚಹಾದಂಗಡಿಯಲ್ಲಿ ಬೈಟೂ ಚಹಾ ಕುಡಿದು ಮೂರೂವರೆಯ ಬಸ್ಸು ಹಿಡಿಯುತ್ತಿದ್ದೆ.

ಇಷ್ಟಕ್ಕೆ ಸುಳ್ಳು ಯಾಕೆ ಎಂದು ಈಗಿನ ಹುಡುಗಿಯರು ನಗಬಹುದು. ನಗಲಿ. ಅವರಿಗೆ ನನ್ನ ಅತ್ತೆಯನ್ನು ನೋಡಿ ಗೊತ್ತಿಲ್ಲ.

ಮದುವೆಯಾಗಿ ನಾನು ಬಂದದ್ದು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಪಡಸಾಲೆ. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಗಿರಣಿಯನ್ನೂ ಮನೆಯನ್ನೂ ನಡೆಸುತ್ತಿದ್ದವರು ಅತ್ತೆ. ಅದಿರಿನ ಗಾಳಿ ಬೀಸಿದ ವರ್ಷಗಳವು. ನನ್ನ ಗಂಡ ಗೆಳೆಯರ ಜೊತೆ ಸೇರಿ ಎರಡು ಟಿಪ್ಪರ್ ಇಳಿಸಿ ಸಂಡೂರಿನಲ್ಲೇ ಬೀಡುಬಿಟ್ಟಿದ್ದರು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಂದರೆ, ಅವರ ಬನಿಯನ್ನು ನೆನೆಹಾಕಿದ ಬಕೆಟ್ಟಿನ ನೀರು ಕುಂಕುಮ ಕದಡಿದಂತೆ ಕೆಂಪಗಾಗುತ್ತಿತ್ತು. ಹಾಗಾಗಿ ಮನೆಯಲ್ಲಿ ಇರುತ್ತಿದ್ದವರು ನಾನು ಮತ್ತು ಅತ್ತೆ ಇಬ್ಬರೇ. ನಮ್ಮಿಬ್ಬರಿಗೂ ಮಾತು ಕಡಿಮೆ.

ಅತ್ತೆ ಬೆಳಗ್ಗೆ ಸ್ನಾನ ಮುಗಿಸಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿ, ಆಮೇಲೆಯೇ ಬಾಯಿಗೆ ನೀರು ಹಾಕುವವರು. ಮೈಮೇಲೆ ಲಿಂಗವಿಲ್ಲದೆ ಒಂದು ತುತ್ತು ಇಳಿಯಬಾರದು, ಒಂದು ಗುಟುಕೂ ಇಳಿಯಬಾರದು. ಇದನ್ನು ಅವರೇನೂ ನನಗೆ ಹೊಸದಾಗಿ ಕಲಿಸಲಿಲ್ಲ, ತವರಲ್ಲೂ ಇದೇ ನಡೆ. ಆದರೆ ತವರಲ್ಲಿ ನಾನು ಎಡವಿದರೆ ಅವ್ವ ಕಂಡೂ ಕಾಣದಂತೆ ಇರುತ್ತಿದ್ದಳು. ಅತ್ತೆಗೆ ಎಲ್ಲವೂ ಕಾಣುತ್ತಿತ್ತು.

ಪಡಸಾಲೆಯ ಕಿಟಕಿಯಲ್ಲಿ ನಾಲ್ಕು ಸ್ಟೀಲ್ ಲೋಟ ಬೋರಲು ಹಾಕಿರುತ್ತಿದ್ದವು. ಗಿರಣಿಯ ಹಮಾಲರಿಗೂ ಹೊಲದ ಆಳುಗಳಿಗೂ ಚಹಾ ಕೊಡುವ ಲೋಟಗಳು. ಅವು ಒಳಗೆ ಬರುವಂತಿರಲಿಲ್ಲ, ಒಳಗಿನ ಕಪ್ಪುಗಳು ಹೊರಗೆ ಹೋಗುವಂತಿರಲಿಲ್ಲ. ಯಾರು ಯಾವುದರಲ್ಲಿ ಕುಡಿಯಬೇಕು ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಂದ ವಾರದಲ್ಲೇ ಕಲಿತುಬಿಟ್ಟೆ.

ಒಮ್ಮೆ ಲಾರಿ ಮಾಲೀಕರೊಬ್ಬರ ಹೆಂಡತಿ ನಮ್ಮ ಮನೆಗೆ ಬಂದಿದ್ದರು. ಮೈತುಂಬ ಬಂಗಾರ, ಹುಬ್ಬು ಮಾತ್ರ ದಾರದಷ್ಟು ಸಣ್ಣ. ಅವರು ಹೋದ ಮೇಲೆ ಅತ್ತೆ, ಭತ್ತದ ಗದ್ದೆಯ ಕಳೆ ಕಿತ್ತಂಗ ಹುಬ್ಬು ಕಿತ್ತುಕೊಂಡಾಳ ನೋಡು ಅಂದರು. ನಾನು ಹೂಂ ಅಂದೆ. ಮದುವೆಗೆ ಮುಂಚೆ, ಬಳ್ಳಾರಿಯಲ್ಲಿ ಡಿಗ್ರಿ ಓದುವಾಗ, ನಾನೂ ತಿಂಗಳಿಗೊಮ್ಮೆ ಕಿತ್ತಿಸಿಕೊಳ್ಳುತ್ತಿದ್ದವಳು. ಮದುವೆಯಾಗಿ ಒಂದು ವರ್ಷಕ್ಕೆ ಕನ್ನಡಿಯಲ್ಲಿ ನನ್ನ ಹುಬ್ಬುಗಳು ಒಂದನ್ನೊಂದು ಮುಟ್ಟಲು ಹೊರಟಿದ್ದವು. ಕೇಳುವ ಧೈರ್ಯವಿರಲಿಲ್ಲ. ಒಂದು ಶುಕ್ರವಾರ ಅಡುಗೆಮನೆಯಲ್ಲಿ ನಿಂತಿದ್ದಾಗ, ದವಡೆ ನೋಯುತ್ತಿದೆ ಎಂಬ ಮಾತು ತಾನಾಗಿ ಬಾಯಿಗೆ ಬಂತು. ಹೊಸಪೇಟೆಗೆ ಹೋಗಿ ತೋರಿಸಿಕೊಂಡು ಬಾ ಅಂದರು ಅತ್ತೆ. ಅಷ್ಟೇ.

ಆ ಮೊದಲ ಶನಿವಾರ ನಾನು ವಾಪಸು ಬಂದಾಗ ಮೆತ್ತಗೆ ಗಂಜಿ ಮಾಡಿಟ್ಟಿದ್ದರು. ಆಮೇಲೆ ಪ್ರತಿ ಸಲವೂ ಗಂಜಿ. ಎರಡು ವರ್ಷದಲ್ಲಿ ರಿಪೇರಿಯಾದ ನನ್ನ ಹಲ್ಲುಗಳನ್ನು ಯಾರಾದರೂ ಎಣಿಸಿದ್ದರೆ ಮೂವತ್ತೆರಡು ದಾಟುತ್ತಿತ್ತು. ಚಹಾದಂಗಡಿಯ ಮಿರ್ಚಿ ತಿಂದು ಖಾರವಾಗಿದ್ದ ಬಾಯಲ್ಲಿ ಆ ಗಂಜಿಯನ್ನು, ನೋವಾಗುವವಳಂತೆ ಒಂದೇ ಕಡೆಯ ದವಡೆಯಿಂದ ನುಂಗುತ್ತಿದ್ದೆ.

ಆ ಶನಿವಾರಗಳು ನನಗೆ ಸುಖದ ದಿನಗಳೇ, ಆದರೆ ಆ ಸುಖದ ಮುಕ್ಕಾಲು ಪಾಲು ಹೆದರಿಕೆಯೇ. ಬಸ್ಸು ಹತ್ತಿದ ಕೂಡಲೇ ಸೀಟು ಸೀಟನ್ನೂ ಕಣ್ಣಿನಲ್ಲೇ ಜಾಲಾಡುತ್ತಿದ್ದೆ. ಎಮ್ಮಿಗನೂರಿನ ನೆಂಟರು, ಗಿರಣಿಗೆ ಬರುವ ರೈತರು, ಯಾರಿದ್ದಾರೋ. ಕಮಲಾಪುರ ದಾಟುವ ತನಕ ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದೆ. ಊರು ಹತ್ತಿರವಾದಂತೆ ಅದಿರಿನ ಲಾರಿಗಳ ಸಾಲು. ತಾಡಪಾಲು ಹೊದ್ದು, ಒಂದರ ಬೆನ್ನಿಗೊಂದು ನಿಂತು, ಬಸ್ಸಿಗೆ ದಾರಿಯೇ ಬಿಡುತ್ತಿರಲಿಲ್ಲ. ಬಸ್ಸು ನಿಂತರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇಳಿದು ಆಟೋ ಹಿಡಿದು ಚಿತ್ತವಾಡ್ಗಿ ಮುಟ್ಟುವ ಹೊತ್ತಿಗೆ ಕೊಡೆ, ಚಪ್ಪಲಿ, ರೆಪ್ಪೆ ಎಲ್ಲ ಕೆಂಪು.

ಪಾರ್ಲರ್ ಅಂದರೆ ಒಂದು ಮನೆಯ ಮುಂದಿನ ಕೋಣೆ. ಒಂದು ಕುರ್ಚಿ, ಒಂದು ಉದ್ದ ಕನ್ನಡಿ, ಕನ್ನಡಿಯ ಮೇಲೆ ಬುದ್ಧನ ಪಟ. ನಡೆಸುತ್ತಿದ್ದವಳು ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವಳು. ಬಳ್ಳಾರಿಯಲ್ಲಿ ಕೋರ್ಸು ಮಾಡಿದ್ದಳು. ಅಪ್ಪ ಅದಿರು ತುಂಬುವ ಯಾರ್ಡಿನಲ್ಲಿ ಕೆಲಸಕ್ಕಿದ್ದ, ಅವ್ವ ಪಾರ್ಲರಿನ ಟವೆಲುಗಳನ್ನು ಕಾಲುವೆಗೆ ಒಯ್ದು ಒಗೆದು ತರುತ್ತಿದ್ದಳು. ಬರುವ ಹೆಂಗಸರು ಬುದ್ಧನ ಪಟವನ್ನು ಚೆಂದಕ್ಕೆ ಹಾಕಿದ್ದು ಎಂದುಕೊಂಡಿದ್ದರು. ತಾವು ದಲಿತರು, ಅಜ್ಜನ ಕಾಲದಲ್ಲೇ ಬೌದ್ಧರಾದವರು ಎಂದು ಅವಳು ನನಗೆ ಎರಡನೆಯ ತಿಂಗಳೇ ಹೇಳಿದಳು. ನಾನು ಕೇಳಿರಲಿಲ್ಲ. ಹುಬ್ಬಿಗೆ ಪೌಡರ್ ಹಚ್ಚುತ್ತ ಹೇಳಿ, ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ನಾನು ಆ ದಿನ ಅವಳನ್ನು ಚಹಾಕ್ಕೆ ಕರೆದೆ. ಅದಕ್ಕಾಗಿ ನನ್ನ ಬಗ್ಗೆ ನನಗೆ ಭಾರಿ ಹೆಮ್ಮೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಚಹಾದಂಗಡಿಯ ಮುಂದೆ ಡ್ರೈವರುಗಳು ಕ್ಲೀನರುಗಳು ನಿಂತೇ ಕುಡಿಯುತ್ತಿದ್ದರು. ಒಳಗೆ ಒಂದು ಹೂವಿನ ಪರದೆ, ಅದರ ಹಿಂದೆ ಎರಡು ಬೆಂಚು, ಹೆಂಗಸರಿಗೆ. ಒಂದು ತುಂಬಿದ ಗ್ಲಾಸು, ಒಂದು ಖಾಲಿ ಗ್ಲಾಸು ತಂದಿಡುತ್ತಿದ್ದರು. ಅರ್ಧ ಸುರಿಯುವ ಕೆಲಸ ಅವಳದು. ಯಾವಾಗಲೂ ನನ್ನ ಪಾಲಿಗೆ ಒಂದು ಬೆರಳು ಹೆಚ್ಚು ಬರುತ್ತಿತ್ತು. ಜೊತೆಗೆ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ. ಚಹಾದ ಮೇಲೆ ಕ್ಷಣದಲ್ಲಿ ಕೆಂಪು ಧೂಳು ಕೂರುತ್ತಿತ್ತು, ಊದಿ ಕುಡಿಯುತ್ತಿದ್ದೆವು. ಅವಳು ಗಿರಾಕಿಗಳ ಕಥೆ ಹೇಳುತ್ತಿದ್ದಳು. ಯಾರ ಕಥೆಯೂ ಅಂಥದ್ದೇನಲ್ಲ, ಆದರೆ ಪಕ್ಕೆ ಹಿಡಿದುಕೊಂಡು ನಗುತ್ತಿದ್ದೆ. ನನ್ನ ಮುಖ ಒರೆಸಿದ ಹತ್ತಿ ಕೆಂಪಾಗಿದ್ದನ್ನು ತೋರಿಸಿ, ಅಕ್ಕಾ, ನಿನ್ನ ಮುಖದಾಗ ಒಂದು ಲೋಡ್ ಅದಿರು ಐತಿ, ನಿನ್ನ ಗಂಡಗ ಹೇಳು ಎಂದು ಕಾಡಿಸುತ್ತಿದ್ದಳು. ಗೋಡೆಯ ಗಡಿಯಾರ ಮೂರು ತೋರಿಸಿತೆಂದರೆ ನನ್ನ ನಗು ನಿಂತುಹೋಗುತ್ತಿತ್ತು.

ಈಗ ಮುಖ್ಯವಾದದ್ದನ್ನು ಹೇಳಬೇಕು. ಕುತ್ತಿಗೆ ಭುಜಗಳಿಗೆ ಕ್ರೀಮು ಹಚ್ಚಿ ತಿಕ್ಕುವಾಗ ನಮ್ಮಂಥವರ ಶಿವದಾರ ಅಡ್ಡ ಬರುತ್ತದೆ. ಕ್ರೀಮು ತಾಗಿದರೆ ದಾರ ಎಣ್ಣೆಜಿಡ್ಡಾಗುತ್ತದೆ, ಲಿಂಗವಿರುವ ಕರಡಿಗೆಯ ಬೆಳ್ಳಿ ಕಪ್ಪಾಗುತ್ತದೆ. ಅವಳು ಅದಕ್ಕೊಂದು ದಾರಿ ಮಾಡಿಕೊಂಡಿದ್ದಳು. ಲಿಂಗ ಕಟ್ಟಿದ ಹೆಂಗಸರು ಬಂದರೆ, ನೀವೇ ತೆಗೆದು ಎಡಗೈಯಲ್ಲಿ ಹಿಡಿದು ಮುಷ್ಟಿ ಕಟ್ಟಿರಿ ಎನ್ನುತ್ತಿದ್ದಳು. ಪೂಜೆಗೆ ಹಿಡಿಯುವುದೂ ಎಡಗೈಯೇ, ಆದ್ದರಿಂದ ಯಾರೂ ತಕರಾರು ಮಾಡುತ್ತಿರಲಿಲ್ಲ. ಆ ಮುಷ್ಟಿಯನ್ನು ಎದೆಯ ಮೇಲಿಟ್ಟುಕೊಂಡು ಮಲಗಬೇಕು, ಅವಳು ಅದರ ಸುತ್ತ ಕೆಲಸ ಮಾಡುವಳು. ತಪ್ಪಿಯೂ ಅವಳ ಬೆರಳು ಅದಕ್ಕೆ ತಾಗುತ್ತಿರಲಿಲ್ಲ. ಮುಗಿದ ಮೇಲೆ, ಹಾಕ್ಕೋ ಅಕ್ಕಾ ಎನ್ನುವಳು, ನಾನು ಕೊರಳಿಗೆ ಹಾಕಿಕೊಳ್ಳುವೆ. ಎರಡು ವರ್ಷ ಹೀಗೆ ನಡೆದಿತ್ತು.

ಆ ಶನಿವಾರ ಗೋಲ್ಡ್ ಫೇಶಿಯಲ್ ಎಂಬುದು ಹೊಸದಾಗಿ ಬಂದಿತ್ತು. ಮೊದಲು ನಿನಗೇ ಮಾಡುತ್ತೇನೆ ಎಂದು ಕೂರಿಸಿದಳು. ಹಳದಿ ಲೇಪ ಹಚ್ಚಿ, ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟು, ಇಪ್ಪತ್ತು ನಿಮಿಷ ಅಲ್ಲಾಡಬೇಡ ಅಂದಳು. ಫ್ಯಾನ್ ತಿರುಗುತ್ತಿತ್ತು. ಹಿಂದಿನ ವಾರವೆಲ್ಲ ಗಿರಣಿಯಲ್ಲಿ ಹೊಸ ಭತ್ತದ ಸುಗ್ಗಿ, ನಿದ್ದೆ ಸರಿಯಾಗಿರಲಿಲ್ಲ. ನಾನು ನಿದ್ದೆ ಹೋದೆ. ಎಬ್ಬಿಸಿದಾಗ ಎರಡೂವರೆ. ಗಾಬರಿಯಿಂದ ಎದ್ದು ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಕನ್ನಡಿ ನೋಡಿದೆ. ಮುಖ ಫಳಫಳ ಹೊಳೆಯುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಅವಳೂ ಅದನ್ನೇ ನೋಡುತ್ತಿದ್ದಳು. ಹಾಕ್ಕೋ ಅಕ್ಕಾ ಎಂದು ಹೇಳುವುದನ್ನು ಅವಳು ಮರೆತಳು, ನಾನಂತೂ ಮರೆತೇ ಬಿಟ್ಟಿದ್ದೆ.

ಚಹಾ ಅರ್ಧ ಕುಡಿದಿದ್ದೆ. ಮಿರ್ಚಿಯ ಖಾರ ಹತ್ತಿ ಕೆಮ್ಮು ಬಂತು, ಎದೆ ಸವರಿಕೊಂಡೆ. ಕೈಗೆ ತಾಳಿ ಸಿಕ್ಕಿತು. ಬೇರೇನೂ ಸಿಗಲಿಲ್ಲ.

ಆ ಹೊತ್ತಿನ ನನ್ನ ಸ್ಥಿತಿಯನ್ನು ಹೇಗೆ ಹೇಳಲಿ. ಲಿಂಗ ಕಳೆದಿತ್ತು, ಅದಿಲ್ಲದೆ ಚಹಾ ಕುಡಿದಿದ್ದೆ, ಮಿರ್ಚಿ ತಿಂದಿದ್ದೆ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಅತ್ತೆಯ ಮುಖ ಕಣ್ಣ ಮುಂದೆ ಬಂತು. ನಾನು ಎದ್ದು ಪಾರ್ಲರಿಗೆ ಓಡಿದೆ, ಅವಳು ಹಿಂದೆಯೇ ಓಡಿ ಬಂದಳು. ಕುರ್ಚಿ, ಕುರ್ಚಿಯ ಸಂದು, ನೆಲ, ಕಸದ ಬುಟ್ಟಿಯ ಕೆಂಪು ಹತ್ತಿ, ಎಲ್ಲ ಹುಡುಕಿದೆವು. ನಿದ್ದೆಯಲ್ಲಿ ಮುಷ್ಟಿ ಸಡಿಲಾಗಿ, ಮೈಮೇಲೆ ಹೊದಿಸಿದ್ದ ಟವೆಲಿನೊಳಗೆ ಜಾರಿರಬೇಕು ಎಂದು ಹೊಳೆದದ್ದು ಅವಳಿಗೆ. ಟವೆಲುಗಳ ಬುಟ್ಟಿ ಖಾಲಿ. ನಾವು ಚಹಾಕ್ಕೆ ಹೋದಾಗ ಅವಳ ಅವ್ವ ಗಂಟು ಕಟ್ಟಿಕೊಂಡು ಕಾಲುವೆಗೆ ಹೋಗಿಬಿಟ್ಟಿದ್ದಳು.

ಗಂಟೆ ಮೂರಾಗಿ ಹತ್ತು. ಮೂರೂವರೆಯ ಬಸ್ಸು ತಪ್ಪಿದರೆ ಮುಂದಿನದು ಐದೂವರೆಗೆ. ಹಲ್ಲಿನ ಡಾಕ್ಟರು ಅಷ್ಟು ಹೊತ್ತು ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ನಾನು ಬಾಗಿಲಲ್ಲಿ ನಿಂತು ಬೀದಿಯ ಆ ಕಡೆ ಕಾಲುವೆಯ ದಾರಿ, ಈ ಕಡೆ ಬಸ್‌ಸ್ಟ್ಯಾಂಡಿನ ದಾರಿ ನೋಡುತ್ತಿದ್ದೆ.

"ನೀ ಹೋಗಕ್ಕಾ. ನಾ ಹುಡುಕ್ತೀನಿ," ಅಂದಳು.

ಹೋದೆ. ನನ್ನ ಲಿಂಗವನ್ನು ಹುಡುಕುವ ಕೆಲಸವನ್ನು ಅವಳಿಗೆ ಬಿಟ್ಟು ನಾನು ಬಸ್ಸು ಹಿಡಿದೆ.

ದಾರಿಯುದ್ದಕ್ಕೂ ಸುಳ್ಳನ್ನು ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಮನೆ ಮುಟ್ಟಿ, ಬಸ್ಸಿನ ನೂಕುನುಗ್ಗಲಿನಲ್ಲಿ ಶಿವದಾರ ಹರಿದು ಬಿದ್ದುಹೋಗಿದೆ ಎಂದು ಅತ್ತೆಗೆ ಹೇಳಿದೆ. ಅಳು ಮಾತ್ರ ನಿಜವಾಗಿಯೇ ಬಂತು. ಅತ್ತೆ ನನ್ನ ಮುಖವನ್ನೇ ನೋಡಿದರು. ಆ ಮುಖ ಇನ್ನೂ ಹೊಳೆಯುತ್ತಿತ್ತು, ಏನು ಮಾಡಲಿ. ಬೈಯಲಿಲ್ಲ. ಮಠದ ಅಯ್ಯನವರಿಗೆ ಹೇಳಿಕಳಿಸಿದರು. ನಾಳೆ ಮಧ್ಯಾಹ್ನದೊಳಗೆ ಹೊಸ ಲಿಂಗ ತಂದು ಕಟ್ಟುತ್ತೇನೆ, ಅಲ್ಲಿಯವರೆಗೆ ಏನೂ ಮುಟ್ಟಬಾರದು ಎಂದು ಅವರಿಂದ ಉತ್ತರ ಬಂತು. ಒಲೆಯ ಮೇಲೆ ನನ್ನ ಗಂಜಿ ಇತ್ತು. ಅತ್ತೆ ಅದಕ್ಕೆ ತಟ್ಟೆ ಮುಚ್ಚಿದರು, ತಮ್ಮ ಅನ್ನದ ಪಾತ್ರೆಗೂ ಮುಚ್ಚಿದರು. ನೀವು ಉಣ್ಣಿರಿ ಎಂದೆ. ನೀನು ಉಪವಾಸ ಇರುವಾಗ ನಾನು ಹೇಗೆ ಉಣ್ಣಲಿ ಎಂದು ಹೋಗಿ ಮಲಗಿದರು. ಅದೊಂದು ನನಗೆ ಬೈಗುಳಕ್ಕಿಂತ ಹೆಚ್ಚಾಯಿತು.

ಬೆಳಗ್ಗೆ ಒಂಬತ್ತರ ಸುಮಾರಿಗೆ ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಒಳಬಾಗಿಲಲ್ಲಿ ನಿಂತಿದ್ದೆ. ಅಂಗಳದಲ್ಲಿ ಅವಳು ಕಂಡಳು.

ಇಸ್ತ್ರಿ ಮಾಡಿದ ಚೂಡಿದಾರ ಹಾಕಿದ್ದಳು, ಎರಡೂ ಕೈಯಲ್ಲಿ ಒಂದು ಹೊಸ ಬಿಳಿ ಕರವಸ್ತ್ರದ ಪುಟ್ಟ ಗಂಟು ಹಿಡಿದಿದ್ದಳು. ಮೆಟ್ಟಿಲ ಕೆಳಗೆ ನಿಂತಳು. ನನ್ನ ಮನೆ ಯಾವುದೆಂದು ಅವಳಿಗೆ ಗೊತ್ತಿತ್ತು, ಎಷ್ಟೋ ಸಲ ವಿವರಿಸಿದ್ದೆ. ಫೋನ್ ನಂಬರೂ ಕೊಟ್ಟಿದ್ದೆ. ಆದರೆ ಫೋನು ಎತ್ತುವವರು ಅತ್ತೆ ಎಂದು ಹೇಳಿದ್ದವಳೂ ನಾನೇ. ಅದಕ್ಕೇ ಫೋನು ಮಾಡದೆ ಬಂದಿದ್ದಳು. ಲಿಂಗ ಸಿಕ್ಕಿತೆಂಬ ಸಂತೋಷ ನನಗೆ ಬರಲೇ ಇಲ್ಲ. ಇವಳು ಬಾಯಿ ತೆರೆದರೆ ನನ್ನ ಎರಡು ವರ್ಷ ಮುಗಿಯಿತು, ಅಷ್ಟೇ ತಲೆಯಲ್ಲಿ.

ಯಾರವ್ವಾ ಎಂದರು ಅತ್ತೆ. ಅವಳು ನನ್ನ ಕಡೆ ನೋಡಿ ನಗಲು ಹೊರಟಳು. ಅವಳ ತುಟಿ ಬಿಚ್ಚುವ ಮೊದಲೇ ನಾನು ಮುಂದೆ ಬಂದೆ.

"ಬಸ್ಸಿನ್ಯಾಗ ಸಿಕ್ತೇನ್ರಿ ನಿಮಗ?"

ಎರಡು ವರ್ಷದಲ್ಲಿ ನಾನು ಅವಳಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಅವಳು ನನ್ನನ್ನು ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಹೂಂರಿ. ಬಸ್ಸಿನ್ಯಾಗ ಸಿಕ್ತು."

ಅತ್ತೆ ಎದ್ದು ಸೆರಗೊಡ್ಡಿದರು. ಅವಳು ಮೇಲಿನ ಮೆಟ್ಟಿಲು ಹತ್ತದೆ, ಕೈಚಾಚಿ, ಆ ಗಂಟನ್ನು ಸೆರಗಿನಲ್ಲಿ ಹಾಕಿದಳು. ಆಗ ಅವಳ ಬೆರಳು ಕಂಡೆ. ಯಾವಾಗಲೂ ಬಣ್ಣ ಹಚ್ಚಿ ಚೆಂದ ಇಟ್ಟುಕೊಳ್ಳುತ್ತಿದ್ದ ಉಗುರುಗಳಲ್ಲಿ ಎರಡು ಬುಡದವರೆಗೂ ಮುರಿದಿದ್ದವು. ಬಸ್ಸಿನಲ್ಲಿ ಸಿಕ್ಕ ಲಿಂಗ ಯಾರದೆಂದು ಹೇಗೆ ತಿಳಿಯಿತು, ಈ ಮನೆಯೇ ಎಂದು ಯಾರು ಹೇಳಿದರು, ಇದನ್ನೆಲ್ಲ ಅತ್ತೆ ಕೇಳಲೇ ಇಲ್ಲ. ಕೇಳದೆ ಬಿಟ್ಟರಲ್ಲ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟು ದೂರದಿಂದ ಬಂದಾಳ, ಚಾ ಮಾಡಿ ಕೊಡು ಎಂದರು ಅತ್ತೆ. ಹೇಳಿ ಮೊರದ ಮುಂದೆ ಕೂತರು.

ಒಳಗೆ ಹೋಗಿ ಚಹಾ ಇಟ್ಟೆ. ಹಲ್ಲಿನ ಮೇಲೆ ಹಲ್ಲು ನಿಲ್ಲುತ್ತಿರಲಿಲ್ಲ. ಕಪಾಟಿನಲ್ಲಿ ನೀಲಿ ಹೂವಿನ ಕಪ್ಪುಗಳಿದ್ದವು. ಒಂದನ್ನು ಕೆಳಗಿಳಿಸಿಯೂ ಇಳಿಸಿದೆ. ಆಗ ಯೋಚನೆ ಓಡಿತು: ಬಸ್ಸಿನಲ್ಲಿ ಲಿಂಗ ಸಿಕ್ಕ ಯಾರೋ ಹುಡುಗಿ, ಯಾರ ಪೈಕಿಯೋ ಏನೋ, ಅವಳಿಗೆ ಒಳಗಿನ ಕಪ್ಪು ಯಾಕೆ ಎಂದು ಅತ್ತೆ ಕೇಳಿದರೆ? ಗುರುತಿನವಳೇನು ಎಂದರೆ? ಕಪ್ಪನ್ನು ಮತ್ತೆ ಮೇಲಿಟ್ಟೆ. ಚಹಾದ ಪಾತ್ರೆ ಹಿಡಿದು ಹೊರಗೆ ಬಂದು, ಕಿಟಕಿಯ ಲೋಟಗಳಲ್ಲೊಂದನ್ನು ತೆಗೆದು ಅದಕ್ಕೆ ಸುರಿದು ಕೊಟ್ಟೆ.

ಅವಳು ನಿಂತೇ ಕುಡಿದಳು. ಊದಲಿಲ್ಲ, ಬಿಡಲಿಲ್ಲ, ತಳದವರೆಗೆ ಕುಡಿದಳು. ಕುಡಿದು, ಅಂಗಳದ ನಲ್ಲಿಗೆ ಹೋಗಿ ಲೋಟ ತೊಳೆದು, ಕಿಟಕಿಯಲ್ಲಿ ಉಳಿದ ಮೂರರ ಪಕ್ಕ ಬೋರಲು ಹಾಕಿದಳು. ಹಾಗೆ ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬರ್ತೀನ್ರಿ ಎಂದಳು, ಇಬ್ಬರಿಗೂ ಸೇರಿಸಿ. ನಾನು ಅಂಗಳದ ಗೇಟಿನವರೆಗೂ ಹೋಗಲಿಲ್ಲ.

ಅಯ್ಯನವರು ಬಂದು, ಸಿಕ್ಕಿತಲ್ಲ, ಇನ್ನು ಹೊಸದು ಬೇಡ ಎಂದರು. ಸ್ನಾನ ಮಾಡಿ, ಪೂಜೆ ಮಾಡಿ, ಹೊಸ ದಾರದಲ್ಲಿ ಕಟ್ಟಿಕೊಂಡೆ. ಕರಡಿಗೆಯ ಒಂದು ಮೂಲೆ ನೆಗ್ಗಿತ್ತು. ಅತ್ತೆ ಬಿಸಿಬಿಸಿ ಅನ್ನ ಬಡಿಸಿದರು, ತಾವೂ ಕೂತರು. ಗಂಡಾಂತರ ಕಳೆಯಿತು ಎಂದು ನಾನು ಗಬಗಬ ಉಂಡೆ. ಕೈತೊಳೆದು ಬಂದಾಗ ಅತ್ತೆ ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಯಾವ ಹಲ್ಲಿನ ಡಾಕ್ಟ್ರು ಹುಬ್ಬು ತೀಡ್ತಾನವ್ವಾ?" ಎಂದರು.

ಅವರಿಗೆ ಮೊದಲ ತಿಂಗಳೇ ಗೊತ್ತಾಗಿತ್ತಂತೆ. ಮನೆಯಲ್ಲಿ ಗಂಡ ಇರುವುದಿಲ್ಲ, ಆಡುವುದಕ್ಕೆ ಮಾತಿಲ್ಲ, ತಿಂಗಳಿಗೊಂದು ದಿನ ನಗುನಗುತ್ತ ಬರುತ್ತಾಳೆ, ಬರಲಿ ಎಂದು ಬಿಟ್ಟಿದ್ದರಂತೆ. ಗಂಜಿಯನ್ನು ಬೇಕೆಂದೇ ಮಾಡುತ್ತಿದ್ದರಂತೆ, ಎಷ್ಟು ತಿಂಗಳು ನುಂಗುತ್ತೀಯೋ ನೋಡೋಣ ಎಂದು. ಇದನ್ನು ಹೇಳುವಾಗ ಸ್ವಲ್ಪ ನಕ್ಕರು. ನನಗೂ ನಗು ಬರುವುದರಲ್ಲಿತ್ತು. ಎದೆಯ ಮೇಲಿನ ಕಲ್ಲು ಇಳಿದಂತೆ ಹಗುರಾಗಿದ್ದೆ. ಅಷ್ಟರಲ್ಲಿ ಅವರು ನಗು ನಿಲ್ಲಿಸಿದರು.

"ಆಕಿ ಬಂದಾಗ ನಾ ಏನೂ ಕೇಳ್ಲಿಲ್ಲ. ನೀ ಹೇಳ್ತಿ, ಒಳಗ ಕರೀತಿ ಅಂತ ಕುಂತಿದ್ದೆ. ಚಾ ಮಾಡು ಅಂದೆ. ಯಾವುದ್ರಾಗ ತರ್ತಿ ನೋಡೋಣ ಅಂತ ಸುಮ್ನಿದ್ದೆ."

ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ನೋಡಿದರು.

"ಆ ಲೋಟ ನಮ್ಮತ್ತಿ ಇಟ್ಟಿದ್ದು. ತಗಿಯಾಕ ನನಗ ಧೈರ್ಯ ಆಗ್ಲಿಲ್ಲ. ನೀ ಓದಿದಾಕಿ, ನೀ ತಗೀತಿ ಅನ್ಕಂಡಿದ್ದೆ."

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಈ ಮನೆಯ ಯಜಮಾನಿ ಇವರು. ಒಂದು ಮಾತು ಆಡಿದ್ದರೆ, ಒಂದು ಕಣ್ಸನ್ನೆ ಮಾಡಿದ್ದರೆ ಆಗುತ್ತಿತ್ತು. ಅದನ್ನೆಲ್ಲ ಬಿಟ್ಟು, ಒಂದು ದಿನದ ಉಪವಾಸದಲ್ಲಿ ನಡುಗುತ್ತಿದ್ದ ನನ್ನ ಮೇಲೆ ಹಾಕಿ ಪರೀಕ್ಷೆ ನೋಡುತ್ತ ಕೂತರಲ್ಲ. ಇವತ್ತಿಗೂ ಆ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಸಿಟ್ಟು ಎಷ್ಟು ಮಾಡಿದರೂ ಕಪಾಟಿನಿಂದ ಇಳಿಸಿದ ಕಪ್ಪನ್ನು ಮತ್ತೆ ಮೇಲಿಟ್ಟ ಕೈ ನನ್ನದೇ. ಅವಳ ಜೊತೆ ಒಂದೇ ಗ್ಲಾಸಿನ ಚಹಾ ಹಂಚಿಕೊಳ್ಳಲು ನನಗೆ ಪರದೆ ಬೇಕಿತ್ತು, ಊರು ಬೇರೆ ಬೇಕಿತ್ತು.

ಮುಂದಿನ ಎರಡು ತಿಂಗಳು ಹೊಸಪೇಟೆಗೆ ಹೋಗಲಿಲ್ಲ. ಮೂರನೆಯ ತಿಂಗಳು ಅತ್ತೆಯೇ, ಹೋಗಿ ಬಾ, ಹುಬ್ಬು ಕೂಡ್ಕೊಂಡಾವ ಎಂದರು. ಅತ್ತೆಗೆ ಸುಳ್ಳು ಹೇಳದೆ ಹೊರಟ ಮೊದಲ ಶನಿವಾರ ಅದು. ಬಸ್ಸಿನಲ್ಲಿ ಯಾರಿದ್ದಾರೆ ಎಂದು ನೋಡಬೇಕಾಗಿರಲಿಲ್ಲ. ಆದರೂ ಎದೆ ಹಿಂದೆಂದಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಅವಳು ಒಳಗೆ ಯಾರಿಗೋ ಮೆಹಂದಿ ಹಾಕುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಅವಳ ಅವ್ವ ಟವೆಲು ಮಡಿಸುತ್ತ, ಆ ದಿನ ಕಾಲುವೆಯಲ್ಲಿ ಆದದ್ದನ್ನು ಹೇಳಿದಳು. ಟವೆಲು ಜಾಡಿಸಿದಾಗ ಏನೋ ಠಣ್ ಎಂದು ಕಲ್ಲಿಗೆ ಬಡಿದು ನೀರಿಗೆ ಬಿದ್ದಿತ್ತಂತೆ, ತಾನು ಗಮನಿಸಿರಲಿಲ್ಲವಂತೆ. ಮಗಳು ಓಡಿ ಬಂದು, ಬಟ್ಟೆ ಸಮೇತ ಇಳಿದು, ಕತ್ತಲಾಗುವ ತನಕ ಕಲ್ಲಿನ ಸಂದುಗಳಲ್ಲಿ ಕೆಸರು ಕೆರೆದಳಂತೆ. ಸಿಕ್ಕ ಮೇಲೆ, ಆ ಅಕ್ಕ ಅಲ್ಲಿ ಉಪವಾಸ ಇರುತ್ತಾಳೆ ಎಂದು ತಾನೂ ಏನೂ ತಿನ್ನದೆ, ಮೊದಲ ಬಸ್ಸಿಗೇ ಹೊರಟಳಂತೆ. ಅವ್ವನ ದನಿಯಲ್ಲಿ ದೂರು ಇರಲಿಲ್ಲ. ನಿಮ್ಮ ಮನೆಯವರು ಚೆನ್ನಾಗಿ ನೋಡಿಕೊಂಡರಂತೆ, ಮಗಳು ಹೇಳಿದಳು ಎಂದಳು.

ನನ್ನ ಸರದಿ ಬಂತು. ಅವಳು ಎಂದಿನಂತೆ, ಬಾ ಅಕ್ಕಾ ಎಂದು ಕೂರಿಸಿ, ಹಣೆಗೆ ಪೌಡರ್ ಹಚ್ಚಿದಳು. ಉಗುರುಗಳು ಮತ್ತೆ ಬೆಳೆದಿದ್ದವು. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಕೊನೆಗೆ, "ಒಂದಿನ ನಮ್ಮ ಮನಿಗೆ ಬಾ" ಎಂದೆ.

ಅವಳು ರೀಲಿನಿಂದ ದಾರ ಎಳೆದಳು.

"ಬಂದಿದ್ನಲ್ಲಕ್ಕಾ," ಎಂದಳು.

ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು, ಇನ್ನು ಅವಳು ಮಾತಾಡುವಂತಿರಲಿಲ್ಲ. ಚರ್ಮ ಬಿಗಿ ಹಿಡಿ ಎಂದು ಕೈಸನ್ನೆ ಮಾಡಿದಳು. ನಾನು ಎರಡೂ ಕೈಯಿಂದ ರೆಪ್ಪೆ, ಹಣೆ ಬಿಗಿಹಿಡಿದು ಕಣ್ಣು ಮುಚ್ಚಿದೆ.